ಮಣ್ಣುಬಣ್ಣದ ಮರಿಗಳು

ನಮ್ಮ ಊರಿನಲ್ಲಿ ಹಾವಿಲ್ಲದ ಮನೆಯ ಒಲೆ ಹತ್ತುವುದಿಲ್ಲ. ಒಣ ಸೌದೆ ಒಟ್ಟಿ, ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರೂ ಒಂದಿಷ್ಟು ಹೊಗೆ ಎದ್ದು ಸುಮ್ಮನಾಗುತ್ತದೆ. ಪಕ್ಕದ ಮನೆಯಿಂದ ಕೆಂಡ ತಂದರೆ ಹೊಸಿಲು ದಾಟುವಷ್ಟರಲ್ಲಿ ಬೂದಿಯಾಗಿರುತ್ತದೆ. ಆದ್ದರಿಂದ ಮಗಳ ಮದುವೆ ಗೊತ್ತಾದವರು ಸೀರೆ, ಪಾತ್ರೆಗಳ ಮಾತಿಗಿಂತ ಮೊದಲು ನಮ್ಮ ಮನೆಯ ಬಾಗಿಲಿಗೆ ಬರುತ್ತಾರೆ. ಮದುಮಗಳ ಜೊತೆಗೆ ತವರಿನವರು ಒಂದು ಹಾವು ಕಳಿಸಬೇಕು. ಅದು ಗಂಡನ ಮನೆಯ ಒಲೆಯ ಪಕ್ಕದ ಗಡಿಗೆಯನ್ನು ಸೇರಿದ ಮೇಲೆ, ಅಲ್ಲಿದ್ದ ಹಳೆಯ ಹಾವನ್ನು ಊರ ಛತ್ರದ ದೊಡ್ಡ ಒಲೆಗೆ ಬಿಟ್ಟುಬರುತ್ತಾರೆ. ಛತ್ರದ ಬಿಸಿಗೆ ಒಗ್ಗಿದ ಹಾವು ಮತ್ತೆ ಮನೆಯ ಸಣ್ಣ ಒಲೆಗೆ ಬಗ್ಗುವುದಿಲ್ಲ. ಮನೆಯ ಹಾವು ಸತ್ತು ಒಲೆ ತಣ್ಣಗಾದವರು ಇನ್ನೊಂದು ಹಾವು ಸಿಗುವ ತನಕ ಛತ್ರದಲ್ಲೇ ಉಣ್ಣಬೇಕು. ಅಲ್ಲಿಯ ಸಾರು ಚೆನ್ನಾಗಿಯೇ ಇರುತ್ತದೆ. ಆದರೆ ಅಲ್ಲಿ ಎಲೆ ಹಾಕಿಸಿಕೊಂಡು ಕೂತವರನ್ನು ಊರಿನವರು ನೋಡುವ ನೋಟ ಚೆನ್ನಾಗಿರುವುದಿಲ್ಲ.

ಈ ಒಲೆಹಾವು ಕಾಡಿನಲ್ಲಿ ಸಿಗುವಂಥದ್ದಲ್ಲ. ಮನುಷ್ಯರು ಬೆಂಕಿ ಉರಿಸುವ ಕಡೆ ಮಾತ್ರ ಬಾಳುತ್ತದೆ. ವಿಷವಿಲ್ಲ, ತೋಳಿಗಿಂತ ಸ್ವಲ್ಪ ಉದ್ದ, ಸಾಧು ಸ್ವಭಾವ. ಇದನ್ನು ಸಾಕಿ, ಮರಿ ಮಾಡಿಸಿ ಮಾರುವುದು ನನ್ನ ಅತ್ತೆ ನಂಜವ್ವನ ಕಸುಬು. ನಾನು ದೇವೀರಿ, ಆ ಮನೆಗೆ ಸೊಸೆಯಾಗಿ ಬಂದು ಅವರಿಂದಲೇ ಕೆಲಸ ಕಲಿತವಳು. ನನ್ನ ಗಂಡ ಚೌಡಪ್ಪ ಹಿತ್ತಿಲ ಕೊಟ್ಟಿಗೆಯಲ್ಲಿ ಹಾವುಗಳ ಊಟಕ್ಕೆ ಇಲಿ ಸಾಕುತ್ತಾನೆ. ಹಾವಿನ ವಿಷಯದಲ್ಲಿ ಅವನಿಗೆ ಯಾವ ಅಭಿಪ್ರಾಯವೂ ಇಲ್ಲ, ಇಲಿಗಳ ವಿಷಯ ಎತ್ತಿದರೆ ಮಾತ್ರ ಮಾತು ನಿಲ್ಲುವುದಿಲ್ಲ.

ನನ್ನ ಅತ್ತೆಯ ಅತ್ತೆಯ ಕಾಲದಲ್ಲಿ ನಮ್ಮ ಮನೆಯಲ್ಲಿ ಒಂದು ಹೆಣ್ಣುಮರಿ ಹುಟ್ಟಿತಂತೆ. ಮೈಮೇಲೆ ಒಂದು ಪಟ್ಟೆಯಿಲ್ಲ, ಒಂದು ಚುಕ್ಕೆಯಿಲ್ಲ, ಹಸಿ ಅರಿಶಿನದ ಕೊಂಬನ್ನು ತೊಳೆದಿಟ್ಟ ಹಾಗೆ ಹೊಂಬಣ್ಣ. ಊರಿಗೆ ಊರೇ ಆ ಬಣ್ಣಕ್ಕೆ ಮರುಳಾಯಿತು. ಬಣ್ಣ ಕೆಡಬಾರದೆಂದು ಅದನ್ನು ಅದರ ಮಗನಿಗೇ ಕೂಡಿಸಿದರು. ಹುಟ್ಟಿದ ಹೊನ್ನಿನ ಮರಿಗಳಲ್ಲಿ ಅಣ್ಣನನ್ನು ತಂಗಿಗೆ ಕೂಡಿಸಿದರು. ಹೀಗೆಯೇ ನಡೆದು, ನಾನು ಸೊಸೆಯಾಗಿ ಬರುವ ಹೊತ್ತಿಗೆ ನಮ್ಮ ಹಾವಿನ ಕೋಣೆಯಲ್ಲಿ ಬೇರೆ ಬಣ್ಣವೇ ಇರಲಿಲ್ಲ. ಊರಿನ ಅಡುಗೆಮನೆಗಳಲ್ಲೂ ಇರಲಿಲ್ಲ. ಹೊನ್ನಿಗೆ ಹೊನ್ನನ್ನೇ ತರಬೇಕು ಎಂಬುದು ಅತ್ತೆ ನನಗೆ ಕಲಿಸಿದ ಮೊದಲ ಪಾಠ.

ಮೊಟ್ಟೆಗಳನ್ನು ಭತ್ತದ ಹೊಟ್ಟಿನಲ್ಲಿ ಇಡುತ್ತೇವೆ. ಕೆಲವು ದಿನ ಕಳೆದ ಮೇಲೆ ಒಂದೊಂದನ್ನೇ ತೆಗೆದು ದೀಪದ ಮುಂದೆ ಹಿಡಿಯುತ್ತೇವೆ. ಒಳಗೆ ಕೆಂಪು ನರ ಕವಲೊಡೆದು ಕಂಡರೆ ಮರಿ ಇದೆ ಎಂದರ್ಥ, ಬರೀ ಹಳದಿಯಾಗಿ ಕಂಡರೆ ಜೊಳ್ಳು. ಮೊದಮೊದಲು ಬುಟ್ಟಿಗೆ ಒಂದೆರಡು ಸಿಗುತ್ತಿದ್ದ ಜೊಳ್ಳು ಬರುಬರುತ್ತಾ ಬುಟ್ಟಿಯ ಅರ್ಧವಾಯಿತು. ಒಡೆದು ಬಂದ ಮರಿಗಳಲ್ಲಿ ಕೆಲವಕ್ಕೆ ಬೆನ್ನು ಸೊಟ್ಟಗಿರುತ್ತಿತ್ತು, ಒಂದೆರಡಕ್ಕೆ ಕಣ್ಣೇ ಇರುತ್ತಿರಲಿಲ್ಲ. ಅತ್ತೆ ಅವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಹಿತ್ತಿಲ ನುಗ್ಗೆಮರದ ಕೆಳಗೆ ಹೂಳುತ್ತಿದ್ದರು. ಒಂದು ವರ್ಷ ಹವೆ ಸರಿಯಿಲ್ಲ ಎಂದರು, ಮರುವರ್ಷ ಹೊಟ್ಟು ಹಸಿಯಿತ್ತು ಎಂದರು. ನನಗೆ ಹೆಚ್ಚು ಭಯವಾಗುತ್ತಿದ್ದದ್ದು ನೋಡಲು ನೆಟ್ಟಗಿದ್ದ ಮರಿಗಳನ್ನು ಕಂಡು. ಅವು ಮೊದಲ ಪೊರೆ ಬಿಟ್ಟು ಮಿರಿಮಿರಿ ಹೊಳೆಯುತ್ತಿದ್ದವು. ಆದರೆ ಬಾಯಿಯ ಮುಂದೆ ಇಲಿಮರಿ ಹಿಡಿದರೆ ಮುಖ ತಿರುಗಿಸುತ್ತಿದ್ದವು.

ನನ್ನ ತವರಿನವರು ಕುರಿ ಸಾಕುವವರು. ನಮ್ಮಪ್ಪ ಎರಡು ಮಳೆಗಾಲ ಕಳೆಯಿತೆಂದರೆ ನಮ್ಮ ಟಗರನ್ನು ಹೊಡೆದುಕೊಂಡು ಹೋಗಿ ದೂರದ ಮಂದೆಯಲ್ಲಿ ಬಿಟ್ಟು, ಅಲ್ಲಿಯದೊಂದನ್ನು ತರುತ್ತಿದ್ದ. ಚಿಕ್ಕವಳಿದ್ದಾಗ ಯಾಕೆ ಎಂದು ಕೇಳಿದ್ದಕ್ಕೆ, "ಇನ್ನು ಇಲ್ಲಿ ಹುಟ್ಟಿರೋ ಹೆಣ್ಣೆಲ್ಲಾ ಇದರ ಮಕ್ಕಳೇ ಅಲ್ವೇನವ್ವಾ," ಅಂದಿದ್ದ. ಅತ್ತೆಗೆ ಈ ಮಾತು ಹೇಳಿ, ಹೊರಗಿನದೊಂದು ಗಂಡು ತರೋಣ ಅಂದೆ.

"ಕುರೀನೂ ಹಾವೂ ಒಂದೇ ಏನು?" ಅಂದರು ಅತ್ತೆ. "ನಮ್ಮ ಜನದಲ್ಲೂ ಅಕ್ಕನ ಮಗಳನ್ನ ತಮ್ಮ ತಗೊಳಲ್ವಾ? ನಿನ್ನ ಮಾವನಿಗೆ ನಾನೇನು ಹೊರಗಿನೋಳಾ?"

"ಒಂದು ಸಲ ಅಂದ್ರೆ ಬೇರೆ, ಅತ್ತೆ. ಇವು ಯಾವಾಗ ನೋಡಿದ್ರೂ ಒಡಹುಟ್ಟಿದವೇ ಕೂಡ್ತಾ ಬಂದವೆ. ಹೊರಗಿನ ರಕ್ತ ಒಂದು ತೊಟ್ಟೂ ಸೇರಿಲ್ಲ."

"ಸೇರಿದ್ದಿದ್ರೆ ಹೊನ್ನು ಉಳೀತಿರಲಿಲ್ಲ," ಎಂದು ಹೇಳಿ ಎದ್ದು ಹೋದರು.

ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ, ಅಷ್ಟರಲ್ಲಿ ಮಲ್ಲಾಜಿಯ ಸುದ್ದಿ ಬಂತು. ಬಟ್ಟೆ ಹೊಲಿಯುವ ಮುದ್ದಯ್ಯನಿಗೆ ಮದುವೆಯಾಗಿ ಬಂದ ಹುಡುಗಿ ಅವಳು. ಅವಳ ಅಣ್ಣ ನಮ್ಮಲ್ಲಿಂದಲೇ ಒಳ್ಳೆಯ ಹೊನ್ನಿನ ಮರಿಯೊಂದನ್ನು ಆರಿಸಿ ಒಯ್ದಿದ್ದ. ಮದುವೆಯ ಚಪ್ಪರ ಇನ್ನೂ ಒಣಗಿರಲಿಲ್ಲ, ಮರಿ ಸತ್ತು ಒಲೆ ಆರಿತು. ಮುದ್ದಯ್ಯನ ತಾಯಿ ಬೋರಮ್ಮ ಇದು ಸೊಸೆಯ ಕಾಲ್ಗುಣವೆಂದು ತೀರ್ಮಾನ ಮಾಡಿ, ಅವಳನ್ನು ಅಣ್ಣನ ಮನೆಗೆ ಕಳಿಸುವುದಾಗಿ ಬೀದಿಗೆಲ್ಲ ಹೇಳಿದ್ದರು.

ಕೇಳಿದ ಕೂಡಲೇ ನಾನು ಅವರ ಮನೆಗೆ ಹೋದೆ. ಒಲೆಯ ಮೇಲಿನ ಅನ್ನದ ತಪ್ಪಲೆಯಲ್ಲಿ ಅಕ್ಕಿ ನೀರಿನಲ್ಲೇ ನೆನೆದಿತ್ತು. ಗಡಿಗೆಯೊಳಗೆ ಕೈ ಹಾಕಿ ಸತ್ತ ಹಾವನ್ನು ತೆಗೆದೆ. ಹೊರಗಿನಿಂದ ಚಿನ್ನದ ಸರದ ಹಾಗಿತ್ತು, ಬೆರಳಿಗೆ ಪಕ್ಕೆಲುಬು ಮಾತ್ರ ಸಿಗುತ್ತಿತ್ತು. ಹುಟ್ಟಿದ ಮೇಲೆ ಅದು ಸರಿಯಾಗಿ ಒಂದು ಇಲಿಯನ್ನೂ ಅರಗಿಸಿಕೊಂಡಂತೆ ಇರಲಿಲ್ಲ.

"ಬೋರಮ್ಮನೋರೆ, ತಪ್ಪು ಈ ಹಾವಿನದು," ಅಂದೆ. "ಹುಟ್ಟುವಾಗಲೇ ಶಕ್ತಿ ಇರಲಿಲ್ಲ ಇದಕ್ಕೆ. ಹುಡುಗಿದೇನೂ ಇಲ್ಲ."

"ಊರಲ್ಲಿರೋವೆಲ್ಲಾ ನಿಮ್ಮನೆ ಹಾವೇ ತಾನೆ? ಬೇರೆಯವರ ಮನೇಲಿ ಉರೀತಿಲ್ವಾ ಒಲೆ?" ಅಂದರು ಬೋರಮ್ಮ. "ನಮ್ಮನೇಲೇ ಯಾಕೆ ಸಾಯಬೇಕಿತ್ತು?"

"ಬೇರೆ ಮನೇಲೂ ಸಾಯ್ತವೆ. ಇವತ್ತಲ್ಲ ನಾಳೆ."

ಬಾಗಿಲಲ್ಲಿ ನಿಂತಿದ್ದ ನೆರೆಯವರಿಗೆ ಈ ಮಾತು ಕೇಳಿಸಿತು. ಕೇಳಿಸಲೆಂದೇ ನಾನೂ ಗಟ್ಟಿಯಾಗಿ ಹೇಳಿದ್ದೆ. ಮುದ್ದಯ್ಯ ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದ. ತಾಯಿಯ ಮುಖ ನೋಡುತ್ತಿದ್ದ, ಹೆಂಡತಿಯ ಮುಖ ನೋಡುತ್ತಿದ್ದ. ಮಲ್ಲಾಜಿ ಆಗಲೇ ಬಟ್ಟೆಗಂಟು ಕಟ್ಟಿಕೊಂಡು ಕೂತಿದ್ದಳು. ಅಣ್ಣನ ಮನೆಯಲ್ಲಿ ಇರುವುದೊಂದೇ ಕೋಣೆ, ಅಲ್ಲಿ ಐದು ಮಕ್ಕಳು. ಅಲ್ಲಿಗೆ ಹೋಗಲು ಅವಳಿಗೆ ಮನಸ್ಸಿರಲಿಲ್ಲವೆಂದು ಅವಳ ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ನಮ್ಮನೇಲಿ ಕೈ ಕೆಲಸಕ್ಕೆ ಜನ ಇಲ್ಲ. ಬತ್ತೀಯಾ?" ಅಂದೆ.

ಅವಳು ಗಂಟು ಎತ್ತಿಕೊಂಡಳು.

ನಾನು ಮನೆಗೆ ಬರುವ ಮೊದಲೇ ನನ್ನ ಮಾತು ಅತ್ತೆಯ ಕಿವಿ ಮುಟ್ಟಿತ್ತು. ಅವರು ಕೂಗಾಡಲಿಲ್ಲ. ಅವತ್ತಿನಿಂದ ನನಗೆ ಹೇಳಬೇಕಾದ್ದನ್ನೆಲ್ಲ ನನ್ನ ಗಂಡನ ಮೂಲಕ ಹೇಳಿಸತೊಡಗಿದರು. "ಉಪ್ಪು ಜಾಸ್ತಿ ಆಗೈತಂತೆ," ಎಂದು ಚೌಡಪ್ಪ ನನಗೆ ಹೇಳುತ್ತಿದ್ದ, ನಾವು ಮೂವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವಾಗಲೇ.

ಹೊರಗಿನ ಗಂಡನ್ನು ಎಲ್ಲಿಂದ ತರುವುದು? ಬೀದಿ ಬೀದಿ ಸುತ್ತಿದೆ. ಪರಿಚಯದವರ ಅಡುಗೆಮನೆಗೆ ಹೋಗಿ, ಮಜ್ಜಿಗೆ ಕುಡಿಯುವ ನೆಪದಲ್ಲಿ ಗಡಿಗೆಗೆ ಇಣುಕಿದೆ. ಎಲ್ಲ ಕಡೆಯೂ ಅದೇ ಹೊಂಬಣ್ಣ. ಎಲ್ಲಿಂದ ತಂದಿರಿ ಎಂದು ಕೇಳಿದರೆ, "ನಿಮ್ಮ ಮನೆಯಿಂದಲೇ ಅಲ್ವಾ," ಎಂದು ನಗುತ್ತಿದ್ದರು. ನನ್ನ ಕಣ್ಣಿಗೆ ಆಗ ಊರು ಒಂದೇ ಮನೆಯ ಹಾಗೆ ಕಾಣತೊಡಗಿತು. ಒಂದು ಹಾವಿನ ಮೈಯಲ್ಲಿ ಅಡಗಿದ ನೋವು ಇಷ್ಟೂ ಒಲೆಗಳ ಪಕ್ಕದಲ್ಲಿ ಸುತ್ತಿಕೊಂಡು ಕೂತಿತ್ತು.

ಹಳ್ಳದ ಆಚೆ ಇಟ್ಟಿಗೆ ಸುಡುವವರ ಭಟ್ಟಿ ಇದೆ. ಅವರು ಊರಿನ ಮನೆಗಳಿಗೆ ಇಟ್ಟಿಗೆ ಒದಗಿಸುತ್ತಾರೆ, ಆದರೆ ಊರಿನವರು ಅವರ ಗುಡಿಸಲುಗಳಿಗೆ ಹೋಗುವ ರೂಢಿಯಿಲ್ಲ. ಭಟ್ಟಿಯೂ ಬೆಂಕಿಯೇ ತಾನೆ, ಅದಕ್ಕೂ ಹಾವು ಬೇಕು ತಾನೆ ಎಂದು ನನಗೆ ಹೊಳೆದದ್ದು ಬಟ್ಟೆ ಒಗೆಯುತ್ತಾ ಆ ಹೊಗೆಯನ್ನು ನೋಡುತ್ತಿದ್ದಾಗ. ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ಹಳ್ಳ ದಾಟಿದೆ.

ಭಟ್ಟಿಯ ಯಜಮಾನ ದ್ಯಾವಣ್ಣ ತಲೆಗೆ ವಸ್ತ್ರ ಸುತ್ತಿಕೊಂಡು ಹಸಿ ಇಟ್ಟಿಗೆ ಮಗುಚುತ್ತಿದ್ದ. ನಾನು ಬಂದ ಕಾರಣ ಕೇಳಿ, ಭಟ್ಟಿಯ ಬಾಯಿಯ ಪಕ್ಕದ ಚಪ್ಪಡಿಯನ್ನು ಎತ್ತಿದ. ಅದರ ಕೆಳಗಿದ್ದ ಗಂಡುಹಾವು ನನ್ನ ಮುಂಗೈ ದಪ್ಪಗಿತ್ತು. ಸುಟ್ಟ ಮಣ್ಣಿನ ಬಣ್ಣ, ಅದರ ಮೇಲೆ ಮಸಿಯ ಪಟ್ಟೆ. ನನ್ನ ಬೆರಳು ತಾಗಿದ ಕೂಡಲೇ ತಲೆಯೆತ್ತಿ ನಾಲಗೆ ಆಡಿಸಿತು. ನಮ್ಮ ಕೋಣೆಯ ಯಾವ ಹಾವೂ ಅಷ್ಟು ಚುರುಕಾಗಿ ತಲೆಯೆತ್ತಿದ್ದನ್ನು ನಾನು ಕಂಡಿರಲಿಲ್ಲ.

"ನಮ್ಮ ತಾತ ಹೊಳೆ ಮೇಲುಗಡೆಯಿಂದ ಇದರ ತಾಯಿನ ತಂದಿದ್ದು," ಅಂದ ದ್ಯಾವಣ್ಣ. "ನಿಮ್ಮೂರೋರು ಇದನ್ನ ಮಣ್ಣುಹಾವು ಅಂತಾರೆ. ಇದಕ್ಕೆ ಭಟ್ಟಿ ಉರಿಯುತ್ತೆ, ಅಡುಗೆ ಒಲೆ ಉರಿಯಲ್ಲ ಅಂತಾರೆ. ನಾವೇನು ಹಸಿ ಅಕ್ಕಿ ತಿಂತೀವಾ?"

"ನಮ್ಮ ಹೆಣ್ಣಿಗೆ ಇದನ್ನ ಕೂಡಿಸಬೇಕು, ದ್ಯಾವಣ್ಣ."

"ಇದನ್ನ ಊರಿಗೆ ಕಳ್ಸಕ್ಕಾಗಲ್ಲ, ತಾಯಿ. ಇದು ಆ ಕಡೆ ಹೋದ್ರೆ ಭಟ್ಟಿ ಆರ್ತದೆ. ಒಳಗೆ ಇಟ್ಟಿಗೆ ಅರ್ಧ ಬೆಂದು ನಿಂತಾವೆ."

"ಹೆಣ್ಣನ್ನೇ ಇಲ್ಲಿಗೆ ತತ್ತೀನಿ."

ಅವನು ಚಪ್ಪಡಿಯನ್ನು ಮೆಲ್ಲಗೆ ಇಳಿಸಿದ. ಪ್ರತಿಯಾಗಿ ಏನು ಬೇಕೆಂದು ಕೇಳಿದೆ. ಅವನು ಯೋಚಿಸಿ ಹೇಳಿದ: "ಹುಟ್ಟಿದ ಮರಿನ ಯಾರು ತಗೊಳಕ್ಕೆ ಬಂದ್ರೂ, ಇದರ ಅಪ್ಪ ದ್ಯಾವಣ್ಣನ ಭಟ್ಟೀದು ಅಂತ ಹೇಳ್ಬೇಕು. ಮುಚ್ಚಿ ಮಾರಬಾರದು. ಅಷ್ಟೇ ನನಗೆ ಬೇಕಾಗಿರೋದು."

ಒಪ್ಪಿ ಬಂದೆ. ಆದರೆ ನಮ್ಮಲ್ಲಿ ಮೊಟ್ಟೆಯಿಡುವ ವಯಸ್ಸಿನ, ಗಟ್ಟಿಯಾದ ಹೆಣ್ಣು ಎಂದರೆ ಬಂಗಾರಿ ಒಂದೇ ಇದ್ದದ್ದು. ಅದು ಅತ್ತೆಯ ಜೀವ. ಬೆಳಿಗ್ಗೆ ಎದ್ದು ಅದರ ಗಡಿಗೆಯ ಬಟ್ಟೆ ಸರಿಸಿ ಮುಖ ನೋಡಿದ ಮೇಲೆಯೇ ಅವರು ಬಾಯಿ ಮುಕ್ಕಳಿಸುತ್ತಿದ್ದದ್ದು. ಕದ್ದು ಒಯ್ಯುವುದು ನನ್ನಿಂದಾಗದ ಮಾತು. ಕೇಳಿದೆ. ಅತ್ತೆ ನನಗೆ ಉತ್ತರ ಕೊಡದೆ ಮಗನ ಕಡೆ ತಿರುಗಿ, "ನಾನು ಸತ್ತ ಮೇಲೆ ಏನಾದ್ರೂ ಮಾಡ್ಕೊಳ್ಳಕ್ಕೆ ಹೇಳು," ಅಂದರು. ಚೌಡಪ್ಪ ನನ್ನ ಕಡೆ ತಿರುಗಿ ಬಾಯಿ ತೆರೆದವನು, ಅದನ್ನು ಮತ್ತೆ ಹೇಳಲು ಮನಸ್ಸು ಬಾರದೆ ಇಲಿಗಳ ಕಡೆ ನಡೆದ.

ಈ ನಡುವೆ ಮಲ್ಲಾಜಿ ನಮ್ಮ ಮನೆಯ ಕೆಲಸಕ್ಕೆ ಚೆನ್ನಾಗಿ ಹೊಂದಿಕೊಂಡಿದ್ದಳು. ಬಾಯಿ ತೆರೆಯದ ಮರಿಗಳ ಪಾಲನೆಯನ್ನು ಅವಳೇ ವಹಿಸಿಕೊಂಡಳು. ಇಲಿಮರಿಯ ಮಾಂಸವನ್ನು ಅರೆದು, ತೆಳ್ಳನೆಯ ಬಿದಿರು ಕಡ್ಡಿಯ ತುದಿಗೆ ಸವರಿ, ಮರಿಯ ದವಡೆ ಬಿಡಿಸಿ ನಾಲಗೆಗೆ ಮುಟ್ಟಿಸುತ್ತಿದ್ದಳು. ಕೆಲವು ನುಂಗುತ್ತಿದ್ದವು. ನುಂಗಿದವೂ ಎರಡು ದಿನ ಬಿಟ್ಟು ಸಾಯುತ್ತಿದ್ದವು. ಒಂದು ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಎಲೆಯಡಿಕೆ ಹಾಕುತ್ತಿದ್ದಾಗ ಅವಳು ಅಂಗೈಯಲ್ಲಿ ಒಂದು ಸತ್ತ ಮರಿಯನ್ನು ಇಟ್ಟುಕೊಂಡು ಬಂದು ಅವರ ಎದುರು ಕೂತಳು. ನಾನು ಒಳಗೆ ಹೊಟ್ಟು ಜರಡಿ ಹಿಡಿಯುತ್ತಿದ್ದೆ.

"ಅಜ್ಜಿ," ಅಂದಳು. "ಇದಕ್ಕೆ ನಾನೇ ಉಣ್ಣಿಸ್ತಿದ್ದೆ. ಇದೂ ಸತ್ತೋಯ್ತು. ಇದು ನನ್ನ ಕಾಲ್ಗುಣಕ್ಕೇ ಸತ್ತಿದ್ದಾ?"

ಅತ್ತೆ ಸುಣ್ಣದ ಡಬ್ಬಿ ಮುಚ್ಚಿದರು.

"ನೀವು ಹಾವು ಬಲ್ಲೋರು. ನೀವು ಹೌದು ಅಂದ್ರೆ ನಾನು ಒಪ್ಕೊಂಡು ಅಣ್ಣನ ಮನೆಗೆ ಹೋಯ್ತೀನಿ. ಮತ್ತೆ ಯಾರನ್ನೂ ಕೇಳಲ್ಲ."

ಹೌದು ಎಂದುಬಿಟ್ಟಿದ್ದರೆ ಅತ್ತೆಯ ಹಾವಿಗೆ ಯಾವ ಕಳಂಕವೂ ಇರುತ್ತಿರಲಿಲ್ಲ. ಊರು ನಂಬುತ್ತಿತ್ತು. ಬೋರಮ್ಮ ಮೊದಲೇ ನಂಬಿದ್ದರು. ನಾನು ಜರಡಿ ನಿಲ್ಲಿಸಿ ಕಿವಿಗೊಟ್ಟೆ. ಆಮೇಲೆ ಅತ್ತೆ, "ಅಲ್ಲ ಕಣೆ ಹುಡುಗಿ, ನಿಂದಲ್ಲ," ಅಂದರು. "ಕೊಡಿಲ್ಲಿ, ಹೂತು ಬರ್ತೀನಿ."

ಮರುದಿನ ನಾನು ಬಾಗಿಲು ಸಾರಿಸಲು ಬಂದಾಗ ಬಂಗಾರಿಯ ಗಡಿಗೆ ಹೊಸಿಲ ಬಳಿ ಇತ್ತು. ಒದ್ದೆ ಬಟ್ಟೆ ಬಿಗಿದು ಕಟ್ಟಿದ್ದರು. "ತಗೊಂಡ್ಹೋಗು. ನಾನಂತೂ ನೋಡಕ್ಕೆ ಬರಲ್ಲ," ಅಂದರು ಅತ್ತೆ, ನನ್ನನ್ನೇ ನೋಡಿ, ನೇರವಾಗಿ.

ಭಟ್ಟಿಯಲ್ಲಿ ಬಂಗಾರಿ ಮೊದಲೆರಡು ದಿನ ಬೆಚ್ಚಗಿನ ಇಟ್ಟಿಗೆಗಳ ಸಂದಿಯಲ್ಲಿ ಅವಿತೇ ಇತ್ತು. ನಾನೂ ಮಲ್ಲಾಜಿಯೂ ದ್ಯಾವಣ್ಣನ ಹೆಂಡತಿ ಕೊಟ್ಟ ರಾಗಿರೊಟ್ಟಿ ತಿನ್ನುತ್ತಾ ಕಾದೆವು. ಮೂರನೆಯ ದಿನ ಗಂಡುಹಾವು ತಾನೇ ಚಪ್ಪಡಿಯಡಿಯಿಂದ ಹೊರಟು ಸಂದಿಯ ಮುಂದೆ ಬಂತು. ಗಲ್ಲವನ್ನು ಬಂಗಾರಿಯ ಬೆನ್ನಿಗೆ ಒತ್ತಿಕೊಂಡು ಉದ್ದಕ್ಕೂ ಸರಿಯಿತು. ಇಟ್ಟಿಗೆ ಹೊರುವವರು ಬುಟ್ಟಿ ಕೆಳಗಿಟ್ಟು ದೂರದಲ್ಲೇ ನಿಂತರು. ದ್ಯಾವಣ್ಣ ಬೀಡಿ ಆರಿಸಿದ. ಮಣ್ಣಿನ ಬಣ್ಣವೂ ಹೊನ್ನಿನ ಬಣ್ಣವೂ ಹುರಿ ಹೊಸೆದ ಹಾಗೆ ಸೇರಿಕೊಂಡವು.

ಬಂಗಾರಿ ಮನೆಗೆ ಮರಳಿ, ಮೈ ತುಂಬಿ, ಮೊಟ್ಟೆಯಿಟ್ಟಳು. ದೀಪದ ಮುಂದೆ ಹಿಡಿಯುವ ದಿನ ಬಂತು. ಮೊದಲನೆಯದರಲ್ಲಿ ನರ ಕಂಡಿತು. ಎರಡನೆಯದರಲ್ಲೂ ಕಂಡಿತು. ಮಲ್ಲಾಜಿ ಒಂದೊಂದನ್ನೇ ಕೊಡುತ್ತಾ ಹೋದಳು, ನಾನು ಹಿಡಿದು ನೋಡುತ್ತಾ ಹೋದೆ. ಬುಟ್ಟಿ ಬರಿದಾದರೂ ಒಂದು ಜೊಳ್ಳು ಸಿಗಲಿಲ್ಲ. ಆ ಕೆಲಸಕ್ಕೆ ಬಂದ ಮೇಲೆ ನಾನು ಅಂಥದ್ದು ಕಂಡಿರಲಿಲ್ಲ, ಅತ್ತೆಯೂ ಕಂಡಿರಲಿಲ್ಲ.

ಮರಿಗಳು ಮೊಟ್ಟೆ ಸೀಳಿಕೊಂಡು ತಲೆ ಹೊರಹಾಕಿದಾಗ ಅತ್ತೆ ತಡೆಯಲಾರದೆ ಬಂದು ಬಗ್ಗಿ ನೋಡಿದರು. ಎಲ್ಲವೂ ಮಣ್ಣುಬಣ್ಣ. ಹುಡುಕಿದರೂ ಒಂದು ಹೊನ್ನಿನ ಮರಿಯಿರಲಿಲ್ಲ. ಅವರ ಮುಖ ಇಳಿದುಹೋಯಿತು. "ನಾನು ಹೇಳಿರಲಿಲ್ವಾ," ಎಂದಷ್ಟೇ ಹೇಳಿ ಗೋಡೆ ಹಿಡಿದುಕೊಂಡು ಕೂತರು. ಕೆಲವಾದರೂ ತಾಯಿಯ ಬಣ್ಣ ಹೊತ್ತು ಬರುತ್ತವೆಂಬ ಆಸೆ ನನಗೂ ಇತ್ತು.

ಪೊರೆ ಬಿಟ್ಟ ಮೇಲೆ ಊಟಕ್ಕಿಟ್ಟೆವು. ಮಲ್ಲಾಜಿ ಅಭ್ಯಾಸಬಲದಿಂದ ಬಿದಿರು ಕಡ್ಡಿ ಹಿಡಿದುಕೊಂಡೇ ಕೂತಿದ್ದಳು. ಅದು ಬೇಕಾಗಲಿಲ್ಲ. ಇಲಿಮರಿ ಬುಟ್ಟಿಯೊಳಗೆ ಬಿದ್ದದ್ದೇ ತಡ, ಮರಿಗಳು ಬಾಣದ ಹಾಗೆ ಎರಗಿದವು. ಒಂದು ನುಂಗಿ ಮುಗಿಸಿ ಪಕ್ಕದ್ದರ ಬಾಯಿಂದಲೂ ಎಳೆಯಲು ನೋಡಿತು. ಚೌಡಪ್ಪ ಹಿಂದಿನಿಂದ ಇಣುಕಿ, "ಹಿಂಗೆ ತಿಂದ್ರೆ ನನ್ನ ಇಲಿ ಸಾಲಲ್ಲ," ಎಂದು ನಿಜವಾದ ಆತಂಕದಿಂದ ಹೇಳಿದ. ಅತ್ತೆ ಗೋಡೆ ಬಿಟ್ಟು ಹತ್ತಿರ ಸರಿದರು. ಒಂದು ಮರಿಯನ್ನು ಕೈಗೆ ತೆಗೆದುಕೊಂಡು, ತಲೆಯಿಂದ ಬಾಲದವರೆಗೆ ಹೆಬ್ಬೆರಳು ಸವರಿ, ಬೆನ್ನು ನೆಟ್ಟಗಿರುವುದನ್ನು ನೋಡಿದರು. ಅದನ್ನಿಟ್ಟು ಇನ್ನೊಂದನ್ನು ತೆಗೆದರು. ಹಾಗೆ ಎಲ್ಲವನ್ನೂ ಸವರಿ ನೋಡುವ ತನಕ ಅವರು ಮೇಲೇಳಲಿಲ್ಲ.

ಮರಿಗಳನ್ನು ಕೊಳ್ಳುವವರು ಮಾತ್ರ ಸಿಗಲಿಲ್ಲ. ನೋಡಲು ಬಂದವರಿಗೆ ನಾನು, ದ್ಯಾವಣ್ಣನಿಗೆ ಕೊಟ್ಟ ಮಾತಿನಂತೆ, ತಾಯಿ ನಮ್ಮ ಬಂಗಾರಿ, ಅಪ್ಪ ದ್ಯಾವಣ್ಣನ ಭಟ್ಟಿಯದು ಎಂದು ಹೇಳುತ್ತಿದ್ದೆ. "ಮದುವೆ ಮನೆಗೆ ಮಣ್ಣುಹಾವು ಕಳ್ಸೋದಾ?" ಎಂದು ಅವರು ಅತ್ತೆಯ ಕಡೆ ನೋಡುತ್ತಿದ್ದರು. ಅತ್ತೆ ನನ್ನ ಪರವಾಗಿಯೂ ಮಾತಾಡುತ್ತಿರಲಿಲ್ಲ, ವಿರೋಧವಾಗಿಯೂ ಮಾತಾಡುತ್ತಿರಲಿಲ್ಲ. ಆ ಹೊತ್ತಿಗೆ ಬೋರಮ್ಮ ಪರಿಚಯದವರೊಬ್ಬರಿಂದ ಇನ್ನೊಂದು ಹೊನ್ನಿನ ಹಾವು ತಂದು, ಅದೂ ಸತ್ತು, ತಾಯಿ ಮಗ ಇಬ್ಬರೂ ಛತ್ರದಲ್ಲಿ ಉಣ್ಣುತ್ತಿದ್ದರು.

ಮುದ್ದಯ್ಯ ಛತ್ರದಿಂದ ಹಿಂತಿರುಗುವಾಗ ನಮ್ಮ ಬೀದಿಯಲ್ಲೇ ಬರುತ್ತಿದ್ದ. ನಮ್ಮ ಬೀದಿ ಅವನ ದಾರಿಯಲ್ಲ. ಜಗಲಿಯ ಹತ್ತಿರ ನಿಂತು, ಹೆಂಡತಿಯನ್ನು ಕೇಳಬೇಕಾದ್ದನ್ನು ಬಿಟ್ಟು ಮೊಟ್ಟೆಯ ವಿಷಯ, ಮರಿಯ ವಿಷಯ ಕೇಳಿ ಹೋಗುತ್ತಿದ್ದ. ಒಂದು ಸಂಜೆ ಕೊನೆಗೂ, "ಮನೆಗೆ ಬಾ," ಅಂದ.

"ಬತ್ತೀನಿ," ಅಂದಳು ಮಲ್ಲಾಜಿ. "ಆದ್ರೆ ಆ ಒಲೆ ಮುಂದೆ ಕೂರಲ್ಲ. ನಿಮ್ಮ ಹೊಲಿಗೆ ಮಿಷನ್ನು ಇರೋ ಚಾವಡೀಲಿ ಬೇರೆ ಒಲೆ ಹಾಕೊಡಿ. ಈ ಮರೀಲಿ ಒಂದನ್ನ ನಾನು ತತ್ತೀನಿ. ಹತ್ತಲಿಲ್ಲ ಅಂದ್ರೆ ನಾನೇ ಹೊರಟೋಯ್ತೀನಿ, ನಿಮ್ಮವ್ವ ಹೇಳಬೇಕಾಗಿಲ್ಲ."

ಮುದ್ದಯ್ಯ ಕೊರಳಿನ ಅಳತೆಪಟ್ಟಿಯನ್ನು ಎರಡು ಸಲ ಸುತ್ತಿ ಬಿಚ್ಚಿದ. ಆಮೇಲೆ ಹಳ್ಳದ ಕಡೆ ನಡೆದ. ದ್ಯಾವಣ್ಣನ ಹತ್ತಿರ ಇಟ್ಟಿಗೆ ತಂದು, ತಾಯಿ ನೋಡುತ್ತಿರುವಾಗಲೇ ಚಾವಡಿಯಲ್ಲಿ ಒಲೆ ಕಟ್ಟಿದನಂತೆ. ಹೊಲಿಯುವವನ ಕೆಲಸವಾದ್ದರಿಂದ ಒಲೆ ಸ್ವಲ್ಪ ಓರೆಯಾಗಿತ್ತು.

ಹಾವನ್ನು ಸೇರಿಸುವ ದಿನ ನಾನೂ ಹೋಗಿದ್ದೆ. ಬೀದಿಯ ಜನ ನೆರೆದಿದ್ದರು. ಮಲ್ಲಾಜಿ ಗಡಿಗೆಯನ್ನು ಒಲೆಯ ಪಕ್ಕ ಇಟ್ಟು, ಮರಿ ಸುತ್ತಿಕೊಂಡು ಕೂರುವ ತನಕ ಕಾದು, ಕಡ್ಡಿ ಗೀರಿದಳು. ತೆಂಗಿನ ಗರಿ ಹೊಗೆಯಾಡಿತು. ಯಾರೋ ಹಿಂದೆ, "ಅಷ್ಟೇ," ಅಂದರು. ಹೊಗೆ ತೆಳುವಾಗಿ, ಅದರ ಬುಡದಲ್ಲಿ ಒಂದು ನೀಲಿ ನಾಲಗೆ ಕಂಡಿತು. ಆಮೇಲೆ ಸೌದೆ ಚಟಪಟ ಅಂದಿತು. ಉರಿ ಪಾತ್ರೆಯ ಅಂಚಿನ ತನಕ ಏರಿತು. ಮಲ್ಲಾಜಿ ಯಾರ ಮುಖವನ್ನೂ ನೋಡದೆ ಅಕ್ಕಿ ತೊಳೆಯತೊಡಗಿದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಹೊಗೆ ಅಂತ ಅಂದುಕೊಳ್ಳಲು ಹೊಗೆ ಆಗಲೇ ಹೋಗಿತ್ತು.

ಬೋರಮ್ಮ ಇನ್ನೂ ಕೆಲವು ದಿನ ಛತ್ರಕ್ಕೆ ಹೋದರು. ಒಂದು ದಿನ ಹೋಗಲಿಲ್ಲ. ತಾವೇ ಹೆಚ್ಚಿದ ಹುರುಳಿಕಾಯಿಯ ಪಾತ್ರೆ ಹಿಡಿದುಕೊಂಡು ಚಾವಡಿಯ ಬಾಗಿಲಲ್ಲಿ ನಿಂತು, "ಇದನ್ನೊಂದು ಬೇಯಿಸ್ಕೋಬೇಕಾಗಿತ್ತು," ಎಂದರಂತೆ. ಮಲ್ಲಾಜಿ ತನ್ನ ಸಾರಿನ ಪಾತ್ರೆಯನ್ನು ಇಳಿಸಿ ಜಾಗ ಮಾಡಿ, "ಇಲ್ಲಿ ಕೂತ್ಕೊಳ್ಳಿ ಅತ್ತೆ, ಆ ಕಡೆ ಉರಿ ಹೊಡೀತದೆ," ಅಂದಳು. ಈ ಮಾತು ನನಗೆ ಹೇಳಿದ್ದು ಮಲ್ಲಾಜಿಯಲ್ಲ, ಬೋರಮ್ಮನೇ. ಅವರು ನಮ್ಮ ಮನೆಗೆ ತಮ್ಮ ಒಲೆಗೆಂದು ಒಂದು ಮಣ್ಣುಹಾವು ಕೇಳಿಕೊಂಡು ಬಂದಿದ್ದರು.

ಅಲ್ಲಿಂದ ಮುಂದೆ ಮರಿಗಳು ಮಾರಾಟವಾಗದೆ ಉಳಿಯಲಿಲ್ಲ. ಆಗ ಬೇರೆ ತಾಪತ್ರಯ ಶುರುವಾಯಿತು. ಎಣ್ಣೆ ಗಾಣದವರ ಮನೆಯಿಂದ ಬಂದವರೊಬ್ಬರು ಅದೇ ಬುಟ್ಟಿಯಿಂದ ಒಂದು ಗಂಡು, ಒಂದು ಹೆಣ್ಣು ಕೊಡಿ, ನಾವೇ ಮರಿ ಮಾಡಿಸಿಕೊಳ್ಳುತ್ತೇವೆ ಎಂದು ಕೇಳಿದರು. ನಾನು ಕೊಡಲಿಲ್ಲ. ಒಡಹುಟ್ಟಿದವನ್ನು ಜೊತೆ ಮಾಡಿ ಮಾರಿದರೆ ನಾಲ್ಕಾರು ಪೀಳಿಗೆಯಲ್ಲಿ ಮತ್ತೆ ನುಗ್ಗೆಮರದ ಬುಡವೇ ಗತಿ. ಆವತ್ತೇ ಕೂತು ಗಡಿಗೆಗಳ ಮೇಲೆ ಗುರುತು ಹಾಕಿದೆ. ಒಂದೊಂದು ತಾಯಿಗೆ ಇಷ್ಟು ಸುಣ್ಣದ ಚುಕ್ಕೆ, ಒಂದೊಂದು ತಂದೆಗೆ ಇಷ್ಟು ಕೆಮ್ಮಣ್ಣಿನ ಗೆರೆ. ಗುರುತು ಒಂದೇ ಆಗಿದ್ದ ಹಾವುಗಳನ್ನು ಕೂಡಿಸುವಂತಿಲ್ಲ ಎಂದು ಕೊಳ್ಳುವವರಿಗೆಲ್ಲ ಹೇಳಿದೆ. ಅರ್ಥವಾಗದಿದ್ದವರಿಗೆ ಅತ್ತೆ ವಿವರಿಸಿದರು. "ಒಂದೇ ಬೆಡಗಿನೋರು, ಒಂದೇ ಕುಲದೋರು ಮದುವೆ ಮಾಡ್ಕೊಳ್ತೀರೇನ್ರಯ್ಯಾ? ಇದೂ ಹಂಗೇ," ಎಂದು ಅವರು ಹೇಳಿದ ಹಾಗೆ ಹೇಳಲು ನನಗೆ ಬರುತ್ತಿರಲಿಲ್ಲ. ಜನಕ್ಕೆ ತಟ್ಟನೆ ತಲೆಗೆ ಹೋಯಿತು.

ಒಂದು ಬೆಳಿಗ್ಗೆ ನಾವಿಬ್ಬರೂ ಗಡಿಗೆ ತೊಳೆಯುತ್ತಿದ್ದಾಗ ಅತ್ತೆ ಕೇಳಿದರು. "ಹೊನ್ನು ಹೋಯ್ತು ಅಲ್ವಾ, ದೇವೀರಿ?"

"ಹೋಗಿಲ್ಲ, ಅತ್ತೆ. ಒಳಗೆ ಅವಿತೈತೆ. ನಮ್ಮಪ್ಪನ ಮಂದೇಲಿ ಕರಿ ಟಗರು, ಕರಿ ಕುರಿಗೆ ಬಿಳಿ ಮರಿ ಹುಟ್ತಿತ್ತು, ಅಜ್ಜಿ ಬಿಳಿ ಇದ್ದಳು ಅಂತ. ಇವುಗಳ ಮಕ್ಕಳಲ್ಲಿ ಹೊನ್ನು ಮತ್ತೆ ಬರುತ್ತೆ. ಆದ್ರೆ ಅದಕ್ಕೆ ಅಂತ ಅಣ್ಣನ್ನ ತಂಗೀಗೆ ಕೂಡಿಸಿದ್ರೆ ಮೊದಲಿನ ಕಥೆನೇ. ಬಂಗಾರಿ ತಂಗಿ ಇದಾಳಲ್ಲ, ಮೈ ಹಿಡೀತಾ ಇರೋಳು, ಅವಳಿಗೆ ದ್ಯಾವಣ್ಣಂದಲ್ಲದ ಬೇರೆ ಯಾವುದಾದರೂ ಗಂಡು ತರಬೇಕು. ಆ ಮರಿಗೂ ಈ ಮರಿಗೂ ಆಮೇಲೆ ಕೂಡಿಸಿದ್ರೆ ಅರ್ಧವಾದ್ರೂ ಹೊರಗಿನ ರಕ್ತ ಇರ್ತದೆ. ತಡ ಆಯ್ತದೆ ಅಷ್ಟೇ."

"ಎಷ್ಟು ತಡ?"

"ಕೆಲವು ವರ್ಷ."

ಅತ್ತೆ ತಮ್ಮ ವಯಸ್ಸನ್ನು ಲೆಕ್ಕ ಹಾಕುತ್ತಿದ್ದಾರೆ ಎಂದುಕೊಂಡೆ. ಅವರು ಗಡಿಗೆ ಬೋರಲು ಹಾಕಿ ಕೈ ಒರೆಸಿಕೊಂಡು, "ಹೊಳೆ ಮೇಲುಗಡೆ ಅಂದ್ರೆ ಎಷ್ಟು ದೂರ? ದ್ಯಾವಣ್ಣನ್ನ ಕೇಳು," ಅಂದರು.

ಹೊಳೆಯ ಮೇಲುಗಡೆ ಸುಣ್ಣ ಸುಡುವವರ ಹಟ್ಟಿಯಿದೆ. ದ್ಯಾವಣ್ಣ ದಾರಿ ತೋರಿಸಲು ಬಂದ. ಚೌಡಪ್ಪ ಗಾಡಿ ಕಟ್ಟಿದ. ಅತ್ತೆ ಮದುವೆಗಳಿಗೆ ಮಾತ್ರ ಉಡುವ ಹಸಿರು ಸೀರೆ ಉಟ್ಟು, ತಟ್ಟೆಯಲ್ಲಿ ಎಲೆಯಡಿಕೆ, ತೆಂಗಿನಕಾಯಿ, ಬೆಲ್ಲ ಇಟ್ಟುಕೊಂಡು, ಬಂಗಾರಿಯ ತಂಗಿಯ ಗಡಿಗೆಯನ್ನು ಮಡಿಲಲ್ಲಿ ಹಿಡಿದು ಗಾಡಿಯೇರಿದರು. ದಾರಿಯುದ್ದಕ್ಕೂ ಕುಲುಕಾಟ ಹೆಚ್ಚಾದರೆ ಮಗನನ್ನು ಗದರುತ್ತಿದ್ದರು.

ಸುಣ್ಣದ ಗೂಡಿನ ಯಜಮಾನಿ ನಮ್ಮ ಅತ್ತೆಯಷ್ಟೇ ವಯಸ್ಸಿನ ಹೆಂಗಸು, ಕೈ ಮೊಣಕೈ ತನಕ ಬೆಳ್ಳಗಿತ್ತು. ಅವರು ಚಾಪೆ ಹಾಸಿದರು. ತಮ್ಮ ಗೂಡಿನ ಗಂಡುಹಾವನ್ನು ತಂದು ತೋರಿಸಿದರು. ಬೂದಿಬಣ್ಣ, ಪಟ್ಟೆಗಳೂ ಮಾಸಲು. ನನ್ನ ಕಣ್ಣಿಗೂ ಅದು ಚೆಂದ ಕಾಣಲಿಲ್ಲ. ಅತ್ತೆ ಬಣ್ಣದ ಮಾತೇ ಎತ್ತಲಿಲ್ಲ. ಬಾಲದ ಬುಡ ಹಿಡಿದು ನೋಡಿದರು, ಬೆನ್ನು ಸವರಿದರು, ಎಷ್ಟು ದಿನಕ್ಕೊಮ್ಮೆ ಇಲಿ ತಿನ್ನುತ್ತದೆಂದು ಕೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಮುಖ್ಯ ವಿಷಯಕ್ಕೆ ಬಂದರು.

"ಇದರ ತಾಯಿ ಯಾವ ಕಡೆಯೋಳು?"

"ಬೆಟ್ಟದ ಆಚೆಯಿಂದ ತಂದಿದ್ದು, ಅಕ್ಕಾ. ಅಪ್ಪ ಇಲ್ಲಿಯದೇ."

"ದ್ಯಾವಣ್ಣನ ಭಟ್ಟಿ ಕಡೆಗೇನಾದ್ರೂ ಹತ್ತಿರ?"

ಆ ಹೆಂಗಸು ದ್ಯಾವಣ್ಣನನ್ನು ನೋಡಿದರು, ದ್ಯಾವಣ್ಣ ಅವರನ್ನು ನೋಡಿದ. ಅವನ ತಾತ ಹಾವು ತಂದದ್ದು ಪಕ್ಕದ ಹಟ್ಟಿಯಿಂದ, ಅದು ಬೇರೆಯದೇ ಸಾಲು ಎಂದು ಇಬ್ಬರೂ ಸೇರಿ ನೆನಪು ಮಾಡಿಕೊಂಡು ಹೇಳಿದರು. ಅತ್ತೆ ಎರಡೆರಡು ಸಲ ಕೇಳಿ, ಅಜ್ಜಿಯ ತನಕ ವಿಚಾರಿಸಿ, ಎಲ್ಲೂ ಗಂಟು ಸಿಗದಿದ್ದಾಗ ಮುಖ ಅರಳಿಸಿದರು.

"ಹಂಗಾದ್ರೆ ಯಾವ ಸಂಬಂಧಾನೂ ಇಲ್ಲ," ಅಂದರು.

"ಯಾವುದೂ ಇಲ್ಲ, ಅಕ್ಕಾ."

"ಒಳ್ಳೇದು. ಸಂಬಂಧ ಬೆಳೆಸೋಣ," ಎಂದು ಅತ್ತೆ ಎಲೆಯಡಿಕೆಯ ತಟ್ಟೆಯನ್ನು ಆ ಹೆಂಗಸಿನ ಬಿಳಿಯ ಕೈಗಳ ಮುಂದೆ ಸರಿಸಿದರು.